ಮೊರಕ್ಕೆ ಬಳಿದ ಚಿತ್ರಗಳು

ನನ್ನ ಅಡುಗೆಮನೆಯಲ್ಲಿ ಒಂದು ಹಳೆಯ ಮೊರವಿದೆ. ಅದರಲ್ಲಿ ನಾನು ಬರೆದ ಚಿತ್ರಗಳಿವೆ. ಮೊರದ ಮೇಲೆ ಅಲ್ಲ, ಮೊರದೊಳಗೆ. ಹೀಗೆಂದರೆ ಕೇಳಿದವರು ಮುದುಕಿಗೆ ಅರಳುಮರಳು ಅಂದುಕೊಳ್ಳುತ್ತಾರೆ ಅಂತ ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದೆ. ಅಂದುಕೊಳ್ಳಲಿ ಬಿಡಿ. ಬಾಯಿ ಮುಚ್ಚಿಕೊಂಡು ನಾನು ಸುಖಪಟ್ಟಿದ್ದು ಅಷ್ಟರಲ್ಲೇ ಇದೆ.

ಬಿದಿರಿನ ಮೊರ ಹೊಸದರಲ್ಲಿ ಸಂದು ಸಂದಾಗಿರುತ್ತದೆ. ಸಾಸಿವೆ, ರಾಗಿ ಸೋರಿಹೋಗುತ್ತವೆ. ಅದಕ್ಕೇ ಬೇಸಿಗೆಯಲ್ಲಿ ಹಳೇ ಕಾಗದವನ್ನು ಹರಿದು ಎರಡು ದಿನ ನೆನೆಹಾಕಿ, ನೆನೆದ ಮೆಂತ್ಯದ ಜೊತೆ ಒರಳಲ್ಲಿ ನುಣ್ಣಗೆ ರುಬ್ಬಿ, ಆ ಹಿಟ್ಟನ್ನು ಮೊರಕ್ಕೂ ಪುಟ್ಟಿಗೂ ಬಳಿದು ಒಣಗಿಸುವುದು ನಮ್ಮ ಕಡೆಯ ಪದ್ಧತಿ. ಮೆಂತ್ಯದ ಅಂಟಿಗೆ ಕಾಗದ ಗಟ್ಟಿಯಾಗಿ ಹಿಡಿಯುತ್ತದೆ, ಹುಳವೂ ಮುಟ್ಟುವುದಿಲ್ಲ. ಅಜ್ಜಂಪುರದ ನಮ್ಮ ಬೀದಿಯಲ್ಲಿ ಈ ಕೆಲಸಕ್ಕೆ ಅವ್ವನದು ಎತ್ತಿದ ಕೈ. ಅಪ್ಪ ನಾನು ತೊಟ್ಟಿಲಲ್ಲಿರುವಾಗಲೇ ಹೋದ. ಅಣ್ಣನನ್ನೂ ನನ್ನನ್ನೂ ಸಾಕುತ್ತ, ಇದ್ದ ತುಂಡು ಹೊಲ ನೋಡಿಕೊಳ್ಳುತ್ತ ಬದುಕಿದ ಹೆಂಗಸು. ಅವಳ ಮನೆಯಲ್ಲಿ ಹಗ್ಗದ ಚೂರೂ ಎರಡನೇ ಸಲ ಕೆಲಸಕ್ಕೆ ಬರಬೇಕಿತ್ತು.

ಎಪ್ಪತ್ತರ ದಶಕದ ಮೊದಲಲ್ಲಿ, ನಾನು ಎಸ್ಸೆಸ್ಸೆಲ್ಸಿ ಮುಗಿಸಿದ ಬೇಸಿಗೆ. ಶಾಲೆಯ ಡ್ರಾಯಿಂಗ್ ಮೇಷ್ಟ್ರು ನನ್ನನ್ನು ಕಡೂರಿನಲ್ಲಿ ನಡೆಯುವ ಡ್ರಾಯಿಂಗ್ ಪರೀಕ್ಷೆಗೆ ಕಟ್ಟಿಸಿದ್ದರು. ಅದು ಪಾಸಾದರೆ ಮುಂದೆ ಡ್ರಾಯಿಂಗ್ ಟೀಚರ್ ಆಗಬಹುದು ಅಂದಿದ್ದರು. ಎರಡು ಡಜನ್ ದಪ್ಪ ಹಾಳೆ ತರಿಸಿಕೊಟ್ಟು, ಬರೆದದ್ದನ್ನೆಲ್ಲ ತಗೊಂಡು ಬಾ, ಕಡೂರಿನವರಿಗೆ ತೋರಿಸೋಣ ಅಂತಲೂ ಹೇಳಿದ್ದರು. ಎರಡು ತಿಂಗಳು ಊಟ ನಿದ್ದೆ ಬಿಟ್ಟು ಬರೆದೆ. ಸ್ಟೇಷನ್ನಿನ ಗೂಡ್ಸ್ ಶೆಡ್ಡು, ಹತ್ತಿ ಮೂಟೆಯ ಮೇಲೆ ಮಲಗಿದ ಹಮಾಲಿ, ಬಾವಿಕಟ್ಟೆಯ ಕಲ್ಲಿನಲ್ಲಿ ಹಗ್ಗ ಕೊರೆದ ಗೆರೆಗಳು, ಎದುರುಮನೆ ಅಜ್ಜಿಯ ಕಾಲ್ಬೆರಳು, ಅಕ್ಕಿ ಕೇರುತ್ತಿದ್ದ ಅವ್ವ. ಹದಿನಾರು ಹಾಳೆ ಮುಗಿದಿದ್ದವು, ಎಂಟು ಉಳಿದಿದ್ದವು. ಬಣ್ಣ ನೀರಲ್ಲಿ ಬಿಚ್ಚಿಕೊಳ್ಳುವಾಗ ನನಗೆ ಆಗುತ್ತಿದ್ದ ಖುಷಿ ಇದೆಯಲ್ಲ, ಅದನ್ನು ಹೇಗೆ ಹೇಳಲಿ. ಹೊಟ್ಟೆಯೊಳಗೆ ಯಾರೋ ಕಚಗುಳಿ ಇಟ್ಟ ಹಾಗೆ. ಒಬ್ಬಳೇ ಕೂತು ನಗುತ್ತಿದ್ದೆ. ಏನೇ ಅದು, ದೆವ್ವ ಮೆಟ್ಕೊಂಡೈತಾ ಅಂತ ಅವ್ವ ಅಡುಗೆಮನೆಯಿಂದ ಗದರುತ್ತಿದ್ದಳು.

ಪರೀಕ್ಷೆಗೆ ಮುಂಚಿನ ಎರಡು ಮೂರು ದಿನ ನಾನು ಪೆನ್ಸಿಲ್ ಅಭ್ಯಾಸಕ್ಕೆ ಮೇಷ್ಟ್ರ ಮನೆಗೆ ಹೋಗಿ ಬರುತ್ತಿದ್ದೆ, ಚಿತ್ರಗಳ ಸುರುಳಿಯ ಕಡೆ ನೋಡಿರಲಿಲ್ಲ. ಹೊರಡುವ ಮುನ್ನಾದಿನ ಕಟ್ಟಿಕೊಳ್ಳೋಣ ಅಂತ ಹುಡುಕಿದರೆ ಸುರುಳಿ ಇಲ್ಲ. ಅಟ್ಟ ನೋಡಿದೆ, ದೇವರಕೋಣೆ ನೋಡಿದೆ. ಹಿತ್ತಲಿಗೆ ಹೋದರೆ ಅವ್ವ ಒರಳ ಮುಂದೆ ಕೂತಿದ್ದಳು. ಗುಂಡುಕಲ್ಲಿನ ಸುತ್ತ ಬೂದುಬಣ್ಣದ ಮುದ್ದೆ. ಅದರಲ್ಲಿ ಅಲ್ಲಲ್ಲಿ ನೀಲಿ, ಅಲ್ಲಲ್ಲಿ ಕೆಂಪು. ಎರಡು ಮೊರಕ್ಕೆ ಆಗಲೇ ಬಳಿದು ಗೋಡೆಗೆ ಒರಗಿಸಿದ್ದಳು. ನಾನು ಕಿರುಚಿದ್ದು ಬೀದಿಗೆಲ್ಲ ಕೇಳಿತಂತೆ. ಅವ್ವ ತಲೆ ಎತ್ತಲಿಲ್ಲ, ಗುಂಡು ತಿರುಗಿಸುವ ಕೈ ಮಾತ್ರ ಒಂದು ಗಳಿಗೆ ನಿಂತಿತು.

“ಆಗೋಗಿರೋ ಕಾಗದ ಅಲ್ವೇನೇ? ಖಾಲಿದು ಒಂದೂ ಮುಟ್ಟಿಲ್ಲ ಕಣೇ, ತೆಗೆದಿಟ್ಟಿದೀನಿ,” ಅಂದಳು.

ಅವಳ ಪ್ರಕಾರ ಒಂದು ಸಲ ಬಳಸಿದ ಮೇಲೆ ಕಾಗದದ ಆಯಸ್ಸು ಮುಗಿಯಿತು. ಅಣ್ಣನ ಹಳೇ ನೋಟ್‌ಬುಕ್ಕು, ಹೋದ ವರ್ಷದ ಪಂಚಾಂಗ, ನನ್ನ ಚಿತ್ರ, ಎಲ್ಲ ಒಂದೇ. ಬೆಲೆ ಇರುವುದು ಖಾಲಿ ಹಾಳೆಗೆ. ಅದನ್ನು ಜೋಪಾನವಾಗಿ ಎತ್ತಿಟ್ಟು, ಮಿಕ್ಕ ಹದಿನಾರನ್ನೂ ಹರಿದು ನೆನೆಹಾಕಿದ್ದಳು. ದಪ್ಪ ಕಾಗದ, ಒಳ್ಳೇ ಹಿಡೀತದೆ ಅಂತ ಬೇರೆ ಹೇಳಿದಳು. ನಾನು ಒಂದು ಮಾತನ್ನೂ ನಂಬಲಿಲ್ಲ. ನನ್ನನ್ನು ಕಡೂರಿಗೆ ಕಳಿಸಬಾರದು ಅಂತಲೇ ಬೇಕೆಂದು ಮಾಡಿದಳು ಅಂದುಕೊಂಡೆ. ಈಗಲೂ ಅರ್ಧ ಮನಸ್ಸು ಹಾಗೇ ಅನ್ನುತ್ತದೆ. ಮಾರನೇ ದಿನ ಮೇಷ್ಟ್ರು ಸ್ಟೇಷನ್ನಿನಲ್ಲಿ ಕಾದು, ರೈಲು ಬಂದಮೇಲೆ ಮಿಕ್ಕವರನ್ನು ಕರೆದುಕೊಂಡು ಹೋದರಂತೆ. ನಾನು ಕಂಬಳಿ ಹೊದ್ದು ಮಲಗಿದ್ದೆ. ಇನ್ನು ನಾನು ಚಿತ್ರ ಬರೆದರೆ ನನ್ನ ಹೆಸರು ಬದಲಾಯಿಸಿ ಕರೆಯೋ ಅಂತ ಅಣ್ಣನ ಮುಂದೆ ಶಪಥ ಮಾಡಿದೆ. ಅವನು ಹ್ಞೂಂ ಅಂದು ಹೊಲಕ್ಕೆ ಹೋದ.

ವರ್ಷ ತುಂಬುವುದರೊಳಗೆ ತರೀಕೆರೆಯಿಂದ ಹೆಣ್ಣು ನೋಡಲು ಬಂದರು. ಹುಡುಗನದು ಬಸ್‌ಸ್ಟ್ಯಾಂಡಿನ ಹತ್ತಿರ ಫೋಟೋ ಸ್ಟುಡಿಯೋ ಅಂತ ಗೊತ್ತಾದದ್ದೇ ತಡ, ಅವ್ವ, ಅದೇ ಅವ್ವ, ನಮ್ಮುಡುಗಿ ಬೋ ಚೆನ್ನಾಗಿ ಚಿತ್ರ ಬರೀತಾಳೆ ಅಂತ ಹೇಳಿಬಿಟ್ಟಳು. ಹುಡುಗನ ತಾಯಿ ಎಲ್ಲಿ ತೋರಿಸಿ ಅಂದರು. ಅವ್ವ ಒಂದಿಷ್ಟೂ ತಡವರಿಸದೆ, ಎಲ್ಲಾ ಖರ್ಚಾಗೋದ್ವು ಅಂದಳು. ಬಾಗಿಲ ಹಿಂದೆ ನಿಂತಿದ್ದ ನನಗೆ ಮೈಯೆಲ್ಲ ಉರಿದುಹೋಯಿತು.

ಮದುವೆಯಾಯಿತು. ಗಂಡನ ಮನೆಗೆ ಕಳಿಸುವಾಗ ಪಾತ್ರೆಪಗಡದ ಜೊತೆ ಆ ಎರಡು ಮೊರಗಳಲ್ಲಿ ಒಂದನ್ನು ಕಟ್ಟಿಕೊಟ್ಟಳು. ಗಟ್ಟಿ ಐತೆ, ಹತ್ತು ವರ್ಷ ಬತ್ತದೆ ಅಂದಳು. ಬಂತು ಕೂಡ. ತರೀಕೆರೆಯ ಮನೆಯಲ್ಲಿ ದಿನಾ ಬೆಳಗ್ಗೆ ಅಕ್ಕಿ ಕೇರುವಾಗ ಮೊರದ ಮೂಲೆಯಲ್ಲಿ ಒಂದು ಚೂರು ನೀಲಿ ಕಾಣುತ್ತಿತ್ತು. ಅದು ಗೂಡ್ಸ್ ಶೆಡ್ಡಿನ ಮೇಲಿನ ಆಕಾಶವೋ ಹಮಾಲಿಯ ಟವೆಲ್ಲೋ ಅಂತ ಯೋಚಿಸುತ್ತ ಕಲ್ಲು ಆರಿಸುತ್ತಿದ್ದೆ. ಎಷ್ಟೋ ಸಲ ಕಲ್ಲು ಹಾಗೇ ಉಳಿದು ಗಂಡನ ಹಲ್ಲಿಗೆ ಸಿಕ್ಕಿದೆ.

ಗಂಡ ಮೆತ್ತನೆಯ ಮನುಷ್ಯ. ಒಳ್ಳೆಯವರು ಅನ್ನಲು ಅಡ್ಡಿಯಿಲ್ಲ, ಆದರೆ ಒಳ್ಳೆಯದು ಅಂತ ಬಾಯಿಬಿಟ್ಟು ಯಾವುದನ್ನೂ ಹೇಳಿದವರಲ್ಲ. ಸ್ಟುಡಿಯೋಗೆ ಮದುವೆ ಸೀಸನ್ನು ಬಿಟ್ಟರೆ ಸಾವಿನದೇ ಕೆಲಸ. ನಮ್ಮ ಜನರಲ್ಲಿ ತೀರಿಕೊಂಡವರಿಗೆ ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಗೋಡೆಗೊರಗಿಸಿ ಕೂರಿಸುತ್ತಾರೆ. ಕೂತ ಹಾಗೆಯೇ ಮಣ್ಣು ಮಾಡುತ್ತಾರೆ. ಫೋಟೋ ತೆಗೆಸಿದರೆ ಆಯಸ್ಸು ಕಮ್ಮಿಯಾಗುತ್ತದೆ ಅಂತ ಹಳಬರಿಗೆ ಹೆದರಿಕೆ, ಹಾಗಾಗಿ ಪ್ರಾಣ ಹೋದ ಮೇಲೆಯೇ ಅವರ ಮೊದಲನೇ ಫೋಟೋ. ಲಿಂಗದಹಳ್ಳಿಯಿಂದಲೋ ಅಂತರಘಟ್ಟೆಯಿಂದಲೋ ಆಳು ಬಂದರೆ ನನ್ನ ಗಂಡ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಹೊರಡುತ್ತಿದ್ದರು. ಹನ್ನೊಂದನೇ ದಿನದ ಶಿವಗಣಾರಾಧನೆಗೆ ದೊಡ್ಡ ಫೋಟೋ ಬೇಕು, ಅದರಲ್ಲಿ ಕಣ್ಣು ತೆರೆದಿರಬೇಕು. ಮುಚ್ಚಿದ ಕಣ್ಣಿಗೆ ಹಾರ ಹಾಕುವವರು ಯಾರು? ಗಲ್ಲಕ್ಕೆ ಕಟ್ಟಿದ ಬಟ್ಟೆಯನ್ನು ಬಣ್ಣದಲ್ಲಿ ಮರೆಸಿ, ರೆಪ್ಪೆಯ ಮೇಲೆ ಕಣ್ಣು ಬರೆಯಬೇಕು. ನಾವು ಅದಕ್ಕೆ ಕಣ್ಣು ಬಿಡಿಸುವುದು ಅನ್ನುತ್ತಿದ್ದೆವು.

ಗಂಡನ ಕೈ ಈ ಕೆಲಸಕ್ಕೆ ಬಗ್ಗುತ್ತಿರಲಿಲ್ಲ. ಅವರು ಬಿಡಿಸಿದ ಕಣ್ಣು ನೋಡಿದರೆ ಸತ್ತವರೇ ಏನನ್ನೋ ಕಂಡು ಹೆದರಿಕೊಂಡ ಹಾಗಿರುತ್ತಿತ್ತು. ಹೆಣ್ಣು ನೋಡಲು ಬಂದಾಗ ಅವ್ವ ಆಡಿದ ಮಾತನ್ನು ನೆನಪಿಟ್ಟುಕೊಂಡಿದ್ದರೋ ಏನೋ, ಒಂದು ದಿನ ನನ್ನನ್ನು ಹಿಂದಿನ ಕೋಣೆಗೆ ಕರೆದು ಕೂರಿಸಿ ಸಣ್ಣ ಬ್ರಷ್ ಕೈಗಿಟ್ಟರು. ಇದು ಚಿತ್ರವಲ್ಲ, ಕೆಲಸ, ಶಪಥಕ್ಕೆ ಏನೂ ಆಗುವುದಿಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ಕಿಟಕಿಯ ಹತ್ತಿರ ಒಂದು ಇಳಿಜಾರು ಮೇಜು, ಅದರ ಬುಡದಲ್ಲಿ ಬೆಳಕನ್ನು ನೆಗೆಟಿವ್ ಮೇಲೆ ಹಾಯಿಸಲು ಅಂಗೈಯಗಲದ ಕನ್ನಡಿ. ಮೊದಲನೆಯದು ಒಬ್ಬ ಅಜ್ಜಿಯ ಫೋಟೋ. ಕಣ್ಣಿನ ಮೂಲೆ ಹೇಗೆ ತಿರುಗುತ್ತದೆ ಅನ್ನುವುದೇ ನನಗೆ ಮರೆತುಹೋಗಿತ್ತು. ಕನ್ನಡಿಯನ್ನು ನನ್ನ ಕಡೆ ತಿರುಗಿಸಿ, ನನ್ನ ಕಣ್ಣನ್ನೇ ನೋಡಿಕೊಂಡು ಬರೆದುಬಿಟ್ಟೆ. ಮನೆಯವರು ಬಂದು ನೋಡಿ ಗಳಗಳ ಅತ್ತರು, ಅಜ್ಜಿ ಎದ್ದು ಕೂತಂಗೈತೆ ಅಂದರು.

ಅಂದಿನಿಂದ ಅದೇ ರೂಢಿಯಾಯಿತು. ಹೆಂಗಸಾದರೆ ಕನ್ನಡಿಯಲ್ಲಿದ್ದ ಹಾಗೆ, ಗಂಡಸಾದರೆ ಹುಬ್ಬು ದಪ್ಪ, ವಯಸ್ಸಾಗಿದ್ದರೆ ಕೆಳಗೆರಡು ಗೆರೆ. ಒಂಬತ್ತು ಹತ್ತು ವರ್ಷ ಹೀಗೇ ಹೋಯಿತು. ಫೋಟೋದ ಮೂಲೆಯಲ್ಲಿ ಸ್ಟುಡಿಯೋ ಮುದ್ರೆ ಬೀಳುತ್ತಿತ್ತು, ಹೊಗಳಿಕೆ ಗಂಡನಿಗೆ ಬೀಳುತ್ತಿತ್ತು. ಅದಕ್ಕೆ ನನಗೆ ಬೇಜಾರಿರಲಿಲ್ಲ. ಪಾತ್ರೆ ತೊಳೆದವಳಿಗೆ ಯಾರು ಹಾರ ಹಾಕುತ್ತಾರೆ? ಬೇಜಾರಿದ್ದದ್ದು ಬೇರೆ. ಅಷ್ಟು ವರ್ಷ ಬ್ರಷ್ ಹಿಡಿದೂ ಹೊಟ್ಟೆಯೊಳಗಿನ ಆ ಕಚಗುಳಿ ಒಂದು ದಿನವೂ ಬರಲಿಲ್ಲ. ಸತ್ತೇ ಹೋಗಿದೆ, ಅವ್ವ ಅದನ್ನೂ ಸೇರಿಸಿ ಅರೆದುಬಿಟ್ಟಳು ಅಂತ ತೀರ್ಮಾನ ಮಾಡಿದ್ದೆ.

ಎಂಬತ್ತರ ದಶಕ ಶುರುವಾಗಿತ್ತು. ಲಿಂಗದಹಳ್ಳಿಯ ಕಡೆಯ ಗಂಡ ಹೆಂಡತಿ ಜೋಡಿ ಫೋಟೋ ತೆಗೆಸಲು ಬಂದಿದ್ದರು. ನಾನು ಕುಡಿಯಲು ನೀರು ತಂದುಕೊಟ್ಟೆ. ಆ ಹೆಂಗಸು ಲೋಟ ತಗೊಳ್ಳದೆ ನನ್ನ ಮುಖವನ್ನೇ ನೋಡುತ್ತ ನಿಂತಳು. ಆಮೇಲೆ ತನ್ನ ಗಂಡನ ಹಿಂದಕ್ಕೆ ಸರಿದು, ನನಗೆ ಕೇಳಿಸುವ ಹಾಗೆಯೇ ಅಂದಳು:

“ನೋಡ್ರೀ, ಗೋಡೆ ಮ್ಯಾಲಿಂದ ನಮ್ಮತ್ತೆ ನೋಡ್ದಂಗೇ ನೋಡ್ತಾರೆ ಇವ್ರು.”

ಅವಳ ಗಂಡ ನಕ್ಕ. ಅವಳು ನಗಲಿಲ್ಲ, ಸೆರಗಿನಿಂದ ಮುಖ ಮುಚ್ಚಿಕೊಂಡು ಹೊರಟೇಬಿಟ್ಟಳು. ನನ್ನ ಗಂಡನಿಗೆ ವ್ಯಾಪಾರ ಹೋಯಿತಲ್ಲ ಅನ್ನುವುದಷ್ಟೇ ಯೋಚನೆ. ನಾನು ಹಿಂದಿನ ಕೋಣೆಗೆ ಹೋಗಿ, ಕಪಾಟಿನಲ್ಲಿ ಉಳಿದಿದ್ದ ಹಳೇ ಪ್ರತಿಗಳನ್ನೆಲ್ಲ ತೆಗೆದು ನೆಲದ ಮೇಲೆ ಹರಡಿದೆ. ಬೋಳುತಲೆಯ ಗೌಡರು, ಹಲ್ಲಿಲ್ಲದ ಅಜ್ಜಿಯರು, ಬಾಣಂತನದಲ್ಲಿ ಹೋದ ಒಬ್ಬ ಹುಡುಗಿ. ಎಲ್ಲರೂ ಒಂದೇ ಕಣ್ಣಿನಿಂದ ನನ್ನನ್ನು ನೋಡುತ್ತಿದ್ದರು, ಅದು ನನ್ನ ಕಣ್ಣು. ಕಡೂರು, ತರೀಕೆರೆ ಎರಡೂ ತಾಲ್ಲೂಕಿನ ಪಡಸಾಲೆಗಳಲ್ಲಿ ನಾನು ಬದುಕಿರುವಾಗಲೇ ಹಾರ ಹಾಕಿಸಿಕೊಂಡು, ಹಿರಿಯರ ಹಬ್ಬಕ್ಕೆ ಎಡೆ ಇಡಿಸಿಕೊಂಡು ನೇತಾಡುತ್ತಿದ್ದೆ. ಆ ಹುಡುಗಿಯ ಗಂಡ ದಿನಾ ಯಾರ ಕಣ್ಣು ನೋಡಿ ಅಳುತ್ತಿದ್ದಾನೋ ಅಂತ ನೆನೆದು ಅವಳ ಫೋಟೋವನ್ನು ಬೋರಲು ಹಾಕಿದೆ. ಆಮೇಲೆ ಕನ್ನಡಿಯನ್ನು ಮುಟ್ಟಲಿಲ್ಲ. ಸ್ಟುಡಿಯೋ ಬಾಗಿಲಲ್ಲಿ ಕೂತು, ಬಸ್ಸಿಗೆ ಕಾಯುವವರ ಕಣ್ಣು ನೋಡಿ ನೋಡಿ ನೆನಪಿಟ್ಟುಕೊಂಡು ಬರೆಯತೊಡಗಿದೆ.

ಇದಾಗಿ ಮೂರು ನಾಲ್ಕು ತಿಂಗಳಿಗೆ, ರಾಗಿ ಒಕ್ಕಣೆಯ ಹೊತ್ತಿನಲ್ಲಿ, ಅಜ್ಜಂಪುರದಿಂದ ಆಳು ಬಂದ. ಅವ್ವ ರಾಗಿ ಕೇರುತ್ತ ಕೂತಿದ್ದವಳು ಹಾಗೇ ಗೋಡೆಗೊರಗಿದ್ದಳಂತೆ. ಗಂಡ ಕ್ಯಾಮೆರಾ ತಗೊಳ್ಳಲಾ ಬೇಡವಾ ಅಂತ ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿದರು. ತಗೊಳ್ಳಿ ಅಂದೆ. ಸ್ಟುಡಿಯೋದವನಿಗೆ ಹೆಣ್ಣು ಕೊಟ್ಟೂ ಅವ್ವ ಒಂದು ಫೋಟೋ ತೆಗೆಸಿಕೊಂಡವಳಲ್ಲ. ನಮ್ಮ ಮದುವೆಯ ಫೋಟೋದಲ್ಲಿ ಹಿಂದೆ ಎಲ್ಲೋ ನಿಂತಿದ್ದಾಳೆ, ಅಲ್ಲೂ ತಲೆ ತಗ್ಗಿಸಿ ಅಕ್ಷತೆ ತಟ್ಟೆ ನೋಡುತ್ತಿದ್ದಾಳೆ.

ಕೂರಿಸಿದ್ದ ಅವ್ವನ ಫೋಟೋ ಹಿಡಿದರು. ಮಣ್ಣು ಮುಗಿಸಿ ತರೀಕೆರೆಗೆ ಬಂದು, ದೊಡ್ಡದು ಮಾಡಿದ ಫೋಟೋವನ್ನು ಮಾರನೇ ದಿನ ನನ್ನ ಮೇಜಿನ ಮೇಲಿಟ್ಟು ಹೋದರು. ಗಲ್ಲದ ಬಟ್ಟೆ ಮರೆಸಿದೆ. ವಿಭೂತಿ ತಿದ್ದಿದೆ. ಕಣ್ಣಿಗೆ ಬಂದಾಗ ಬ್ರಷ್ ನಿಂತಿತು. ಅವ್ವನ ಕಣ್ಣು ಹೇಗಿತ್ತು? ಗೊತ್ತಿಲ್ಲ. ಹೆತ್ತ ತಾಯಿಯ ಕಣ್ಣು ನನಗೆ ಗೊತ್ತಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಹೂವು ಮಾರುವವಳ ಕಣ್ಣು ಗೊತ್ತು, ಕಂಡಕ್ಟರನ ಮೆಳ್ಳೆಗಣ್ಣು ಗೊತ್ತು. ಒರಳ ಮುಂದಿನ ಆ ದಿನದಿಂದ ನಾನು ಅವಳ ಮುಖವನ್ನು ನೆಟ್ಟಗೆ ನೋಡಿರಲೇ ಇಲ್ಲ, ಅದಕ್ಕೂ ಮುಂಚಿನದೆಲ್ಲ ಅವಳು ತಲೆ ತಗ್ಗಿಸಿ ಕೆಲಸ ಮಾಡುತ್ತಿದ್ದದ್ದೇ ನೆನಪು. ಹಬ್ಬಕ್ಕೆ ಹೋಗುತ್ತಿದ್ದೆ, ಉಣ್ಣುತ್ತಿದ್ದೆ, ಗೋಡೆ ನೋಡಿಕೊಂಡು ಮಾತಾಡಿ ಬರುತ್ತಿದ್ದೆ. ಅದು ನನ್ನ ಸೇಡು. ಅವಳಿಗೆ ತಟ್ಟಿತೋ ಇಲ್ಲವೋ, ನನಗೆ ಈಗ ಸರಿಯಾಗಿ ತಟ್ಟಿತು.

ಮೂರನೇ ದಿನದ ಹಾಲು ತುಪ್ಪಕ್ಕೆ ಅಜ್ಜಂಪುರಕ್ಕೆ ಹೋದಾಗ ಅಣ್ಣನನ್ನು ಕೇಳಿದೆ, ಅವ್ವನ ಕಣ್ಣು ಹೆಂಗಿದ್ವೋ ಅಂತ.

“ಕಣ್ಣು... ಕಣ್ಣಂಗೇ ಇದ್ವು ಕಣೇ,” ಅಂದ.

ಅವನನ್ನು ಬೈದು ಪ್ರಯೋಜನವಿಲ್ಲ. ಮೂವತ್ತೈದು ವರ್ಷ ಅವಳ ಕೈಯಲ್ಲಿ ಉಂಡವನು. ತಟ್ಟೆ ನೋಡಿದ್ದ, ಅಷ್ಟೆ.

ಅತ್ತಿಗೆ ಅವ್ವನ ಟ್ರಂಕು ತೆಗೆದು ಸೀರೆಗಳನ್ನು ಹೊರಗಿಡುತ್ತಿದ್ದಳು. ತಳದಲ್ಲಿ ಒಂದು ಸುರುಳಿ ಇತ್ತು, ಹಳೇ ಸೀರೆಯ ಅಂಚಿನಿಂದ ಬಿಗಿಯಾಗಿ ಕಟ್ಟಿದ್ದು. ಬಿಚ್ಚಿದರೆ ಒಣಗಿದ ಬೇವಿನ ಸೊಪ್ಪು ಉದುರಿತು. ಎಂಟು ಖಾಲಿ ಡ್ರಾಯಿಂಗ್ ಹಾಳೆ. ಅಂಚು ಹಳದಿಯಾಗಿತ್ತು, ನಡುವೆ ಬೆಳ್ಳಗೇ ಇತ್ತು.

“ಅದು ನಿಂದೇ ಅಂತೆ. ಮಗ್ಳು ಕೇಳಿದ್ರೆ ಕೊಡಾಣ ಅಂತ ವರ್ಷಾ ವರ್ಷಾ ಬಿಸ್ಲಿಗೆ ಹಾಕಿ ಎತ್ತಿಡೋರು. ನೀನು ಕೇಳ್ಲೇ ಇಲ್ಲ,” ಅಂದಳು ಅತ್ತಿಗೆ.

ಇಂಥ ಕಡೆ ಅಳು ಬರಬೇಕು. ನನಗೆ ಬಂದದ್ದು ಸಿಟ್ಟು. ನಾನು ಕೇಳಬೇಕಿತ್ತಂತೆ! ಅಷ್ಟು ವರ್ಷ ಅವಳೇ ಒಂದು ಸಲ ಕೈಗೆ ಕೊಟ್ಟಿದ್ದರೆ ಏನು ಗಂಟು ಹೋಗುತ್ತಿತ್ತು? ಬರೆಯೇ ಅನ್ನುವ ಮೂರಕ್ಷರಕ್ಕೆ ನಾಲಿಗೆ ಸವೆಯುತ್ತಿತ್ತಾ? ಸುರುಳಿಯನ್ನು ಕಂಕುಳಲ್ಲಿ ಅವುಚಿಕೊಂಡು, ತರೀಕೆರೆ ಬಸ್ಸಿನಲ್ಲಿ ದಾರಿಯುದ್ದಕ್ಕೂ ಸತ್ತವಳ ಜೊತೆ ಮನಸ್ಸಿನಲ್ಲೇ ಜಗಳವಾಡಿಕೊಂಡು ಬಂದೆ.

ಮನೆಗೆ ಬಂದವಳು ಅದೇ ಸಿಟ್ಟಿನಲ್ಲಿ ಒಂದು ಹಾಳೆಯನ್ನು ನೆಲದ ಮೇಲೆ ಹಾಸಿ, ನಾಲ್ಕು ಮೂಲೆಗೂ ಅಳತೆ ಪಾವು ಲೋಟ ಹೇರಿ ಕೂತೆ. ಫೋಟೋಗೆ ಹಚ್ಚುವ ಬಣ್ಣವಿತ್ತು. ಸ್ಟುಡಿಯೋದ ಬ್ರಷ್ಷುಗಳು ರೆಪ್ಪೆ ಬರೆಯುವಷ್ಟು ಸಣ್ಣವು, ಅದಕ್ಕೇ ಗಂಡನ ಶೇವಿಂಗ್ ಬ್ರಷ್ ತೊಳೆದುಕೊಂಡೆ. ಅವ್ವನ ಕಣ್ಣು ಬರೆಯಲೇಬೇಕು, ಮುಖ ಬರೆಯುತ್ತ ಹೋದರೆ ಕಣ್ಣು ತಾನಾಗಿ ನೆನಪಾದೀತು ಅನ್ನುವುದು ನನ್ನ ಯೋಚನೆ. ಮೊದಲನೇ ಹಾಳೆ ಕೆಟ್ಟಿತು. ಕೈ ಅಷ್ಟು ವರ್ಷ ಸಾಸಿವೆಯಷ್ಟು ಜಾಗದಲ್ಲಿ ಆಡಿ ಆಡಿ ದೊಡ್ಡ ಗೆರೆಯನ್ನೇ ಮರೆತಿತ್ತು. ಎರಡನೆಯದೂ ಕೆಟ್ಟಿತು. ಮೂರನೆಯದರಲ್ಲಿ ಬೆನ್ನು ಬರೆದೆ. ಕೇರುವಾಗ ಬಾಗುತ್ತಿದ್ದ ಬೆನ್ನು, ಕತ್ತಿನ ಹಿಂದೆ ಎದ್ದು ಕಾಣುತ್ತಿದ್ದ ಮೂಳೆ. ಹಾಳೆ ಒದ್ದೆಯಿರುವಾಗಲೇ ಸೀರೆಯ ಕಂದು ಬಣ್ಣ ಹಾಕಿದೆ. ಅದು ಹರಿದು ಹೋಗಿ ಗೋಡೆಯ ನೆರಳಿಗೆ ಸೇರಿ, ನಾನು ಬಯಸದೇ ಇದ್ದ ಕಡೆ, ಸರಿಯಾಗಿ ಬೇಕಾದ ಕಡೆಯೇ ನಿಂತುಬಿಟ್ಟಿತು.

ಆಗ ಬಂತು, ಆ ಕಚಗುಳಿ. ಹದಿನಾರರ ಹುಡುಗಿಯ ಹೊಟ್ಟೆಯಲ್ಲಿದ್ದದ್ದು. ತಾಯಿ ಸತ್ತು ಮೂರು ದಿನವಾಗಿದೆ, ಮೈಲಿಗೆ ಕಳೆದಿಲ್ಲ, ನಾನು ನೆಲದ ಮೇಲೆ ಕೂತು ಒಬ್ಬಳೇ ನಗುತ್ತಿದ್ದೇನೆ. ಯಾರ ಹತ್ರ ಮಾತಾಡ್ತಿದ್ದೀಯೇ ಅಂತ ಗಂಡ ಇಣುಕಿ ನೋಡಿ ಹೋದರು. ಅನ್ನ ತಳ ಹತ್ತಿತು. ಅದನ್ನೇ ಉಂಡರು. ಮಾರನೇ ದಿನವೂ ಕೂತೆ, ಅದರ ಮಾರನೇ ದಿನವೂ. ಸತ್ತಿಲ್ಲ, ಅದು ಸತ್ತೇ ಇರಲಿಲ್ಲ. ಸುಮ್ಮನೆ ಮೂಲೆಯಲ್ಲಿ ಕೂತಿತ್ತು, ನಾನೇ ಸತ್ತಿದೆ ಅಂತ ಮಣ್ಣು ಎಳೆದಿದ್ದೆ. ಸಂತೋಷಪಡಬೇಕಿತ್ತು, ಪಟ್ಟೆ ಕೂಡ, ಆದರೆ ಕಳೆದ ವರ್ಷಗಳನ್ನು ನೆನೆದು ಹಲ್ಲು ಕಡಿಯುತ್ತಲೇ ಪಟ್ಟೆ. ಅವ್ವ ಅರೆದದ್ದು ಹದಿನಾರು ಹಾಳೆ. ಮಿಕ್ಕ ವರ್ಷಗಳನ್ನು ಅರೆದವಳು ನಾನೇ.

ಏಳು ಹಾಳೆ ಮುಗಿದವು. ಮೊದಲ ಎರಡು ಬಿಟ್ಟರೆ ಮಿಕ್ಕ ಐದರಲ್ಲೂ ಅವ್ವ ಇದ್ದಳು. ಕೈ ಅವಳದೇ, ಬೆನ್ನು ಅವಳದೇ, ಕಿವಿಯ ಹಿಂದೆ ಸಿಕ್ಕಿಸಿದ ಕೂದಲೂ ಅವಳದೇ. ಮುಖ ಮಾತ್ರ ಎಲ್ಲದರಲ್ಲೂ ಕೆಳಗೆ. ಮೊರ ನೋಡುತ್ತಾಳೆ, ಒಲೆ ನೋಡುತ್ತಾಳೆ, ನನ್ನನ್ನು ನೋಡುವುದಿಲ್ಲ. ಒಂದು ಖಾಲಿ ಹಾಳೆ ಉಳಿಯಿತು. ಫೋಟೋದ ಕಣ್ಣು ಇನ್ನೂ ಮುಚ್ಚಿಯೇ ಇತ್ತು, ಬೆಳಗಾದರೆ ಹನ್ನೊಂದನೇ ದಿನ.

ಗಂಡ ಫ್ರೇಮು ಗಾಜು ಹಿಡಿದುಕೊಂಡು ನಿಂತು, ನಿನ್ನ ಕಣ್ಣೇ ಹಾಕ್ಬಿಡೇ, ಹೆತ್ತೋಳಲ್ವಾ, ಯಾರಿಗೊತ್ತಾಗುತ್ತೆ ಅಂದರು. ಬೇರೆ ದಾರಿಯಿರಲಿಲ್ಲ. ಕನ್ನಡಿ ತಿರುಗಿಸಿದೆ. ಕೆಳಗೆರಡು ಗೆರೆ ಎಳೆದೆ. ಅರ್ಧ ಗಂಟೆಯಲ್ಲಿ ಮುಗಿಯಿತು.

ಅಜ್ಜಂಪುರದಲ್ಲಿ ಫೋಟೋಗೆ ಹಾರ ಹಾಕಿ, ವಿಭೂತಿ ಹಚ್ಚಿ, ಊದುಬತ್ತಿ ಹಚ್ಚಿದರು. ಬಂದವರೆಲ್ಲ ಅವ್ವನ್ನೇ ನೋಡ್ದಂಗಾಯ್ತು ಅಂದರು. ಅಣ್ಣ ಅದರ ಮುಂದೆ ಬಿಕ್ಕಿ ಬಿಕ್ಕಿ ಅತ್ತ. ಊಟವಾದ ಮೇಲೆ ನಾನು ಆ ಐದು ಹಾಳೆಗಳನ್ನು ಅವನ ಮುಂದೆ ಬಿಚ್ಚಿಟ್ಟೆ, ಒಂದನ್ನು ಪಡಸಾಲೆಯಲ್ಲಿ ಹಾಕಿಕೊಳ್ಳೋ ಅಂದೆ. ಅವನು ಒಂದೊಂದನ್ನೇ ಎತ್ತಿ ನೋಡಿದ. ಚೆನ್ನಾಗೈತೆ, ಆದ್ರೆ ಮುಖಾನೇ ಕಾಣಲ್ವಲ್ಲೇ, ಜನ ಏನಂತಾರೆ ಅಂದು ವಾಪಸ್ಸು ಸುತ್ತಿಕೊಟ್ಟ. ಗೋಡೆಯ ಮೇಲೆ ನನ್ನ ಕಣ್ಣು ಉಳಿಯಿತು, ಅವ್ವ ಸುರುಳಿಯಲ್ಲಿ ನನ್ನ ಜೊತೆ ತರೀಕೆರೆಗೆ ಬಂದಳು.

ಮುಂದಿನ ಬೇಸಿಗೆಗೆ ಮೊರದ ಬಳಿತ ಎದ್ದುಬಂತು. ಆ ನೀಲಿ ಚೂರೂ ಒಂದು ದಿನ ಅಕ್ಕಿಯ ಜೊತೆ ಹೋಯಿತು. ಸ್ಟುಡಿಯೋದಲ್ಲಿ ಹಳೇ ಪೇಪರು ರಾಶಿ ಬಿದ್ದಿತ್ತು, ಅದರಲ್ಲೇ ಅರೆಯಬಹುದಿತ್ತು. ಆದರೆ ನನಗೆ ಒಂದು ತಿಳಿಯಬೇಕಿತ್ತು. ಆ ಹೊತ್ತು ಹಿತ್ತಲಲ್ಲಿ ಅವ್ವನಿಗೆ ಏನನ್ನಿಸಿತು ಅನ್ನುವುದು. ಕೇಳಲು ಅವಳಿಲ್ಲ, ಮಾಡಿಯೇ ನೋಡಬೇಕು. ಸುರುಳಿ ತೆಗೆದೆ, ಚೆನ್ನಾಗಿ ಬಂದಿದ್ದ ಮೂರನ್ನೇ ಆರಿಸಿಕೊಂಡೆ. ಕೆಟ್ಟದ್ದನ್ನು ಅರೆದರೆ ಏನೂ ತಿಳಿಯುವುದಿಲ್ಲ.

ದಪ್ಪ ಹಾಳೆ, ಒಟ್ಟಿಗೆ ಹಿಡಿದರೆ ಹರಿಯುವುದಿಲ್ಲ. ಒಂದೊಂದನ್ನೇ ತೊಡೆಯ ಮೇಲಿಟ್ಟುಕೊಂಡು, ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ, ಹೆಬ್ಬೆಟ್ಟಿನಗಲ ಚೂರು ಮಾಡಬೇಕು. ಎಲ್ಲಿಂದ ಹರಿಯಲಿ ಅಂತ ನೋಡಲೇಬೇಕು. ಬೆನ್ನಿನ ನಡುವೆ ಹರಿದೆ, ಅವಳ ಕೈಯನ್ನು ತಪ್ಪಿಸಿ ಹರಿದೆ. ನೋಡದೆ ಹರಿಯುವುದು ಸಾಧ್ಯವೇ ಇಲ್ಲ. ಅಂದರೆ ಅವ್ವ ನೋಡಿದ್ದಳು. ಗೂಡ್ಸ್ ಶೆಡ್ಡನ್ನು, ಹಮಾಲಿಯನ್ನು, ಬಾವಿಯ ಹಗ್ಗದ ಗೆರೆಯನ್ನು, ಹದಿನಾರನ್ನೂ ಒಂದೊಂದಾಗಿ ತೊಡೆಯ ಮೇಲಿಟ್ಟುಕೊಂಡು ನೋಡಿದ್ದಳು. ಅಕ್ಕಿ ಕೇರುತ್ತಿದ್ದ ಅವಳದೇ ಚಿತ್ರವನ್ನೂ. ಬದುಕಿದ್ದಾಗಿನ ಅವಳ ಒಂದೇ ಒಂದು ಚಿತ್ರ ಅದು. ನೋಡಿದಳು, ಎಲ್ಲಿಂದ ಹರಿಯಬೇಕು ಅಂತ ತೀರ್ಮಾನಿಸಿದಳು, ಹರಿದಳು. ನಾನು ಆ ಚೂರುಗಳನ್ನು ನೆನೆಹಾಕಿ, ಎರಡು ದಿನ ಬಿಟ್ಟು ಮೆಂತ್ಯ ಸೇರಿಸಿ ಅರೆದೆ. ಸೀರೆಯ ಕಂದು ಒರಳಿನ ನೀರಿಗೆ ಬಿಟ್ಟುಕೊಂಡಿತು.

ಗಂಡ ಹಿತ್ತಲಿಗೆ ಬಂದವರು ನಿಂತುಬಿಟ್ಟರು.

“ಯಾಕೇ ಹಿಂಗ್ಮಾಡ್ದೆ? ಚೆನ್ನಾಗಿದ್ವಲ್ಲೇ,” ಅಂದರು.

ಅಷ್ಟು ವರ್ಷದಲ್ಲಿ ನನ್ನ ಕೆಲಸವನ್ನು ಅವರು ಚೆನ್ನಾಗಿದೆ ಅಂದದ್ದು ಅದೇ ಮೊದಲು. ಅದೂ ಅರೆದ ಮೇಲೆ.

“ಆಗೋಗಿರೋ ಕಾಗದ ಅಲ್ವೇನ್ರೀ? ಖಾಲಿದು ಮುಟ್ಟಿಲ್ಲ,” ಅಂದೆ. ಗುಂಡು ತಿರುಗಿಸುತ್ತಿದ್ದೆ, ತಲೆ ಎತ್ತಲಿಲ್ಲ.

ಮೊರಕ್ಕೆ ಬಳಿದು ಬಿಸಿಲಿಗಿಟ್ಟು ಕೈ ತೊಳೆದೆ. ಒಳಗೆ ಹೋಗಿ ಉಳಿದಿದ್ದ ಆ ಒಂದು ಖಾಲಿ ಹಾಳೆಯನ್ನು ಹಾಸಿಕೊಂಡು ಕೂತೆ. ಈ ಸಲ ಕಣ್ಣಿನಿಂದಲೇ ಶುರುಮಾಡಿದೆ. ಕೈ ಎಲ್ಲೂ ತಡೆಯಲಿಲ್ಲ. ಮಗಳ ಚಿತ್ರವನ್ನು ತೊಡೆಯ ಮೇಲಿಟ್ಟುಕೊಂಡು, ಇದನ್ನು ಎಲ್ಲಿಂದ ಹರಿಯಲಿ ಅಂತ ನೋಡುತ್ತಿರುವ ಕಣ್ಣು. ಅದು ಪ್ರೀತಿಯ ಕಣ್ಣು ಅಂತ ನಾನು ಸುಳ್ಳು ಹೇಳುವುದಿಲ್ಲ. ಆದರೆ ಅದು ನನ್ನ ಕಣ್ಣಾಗಿರಲಿಲ್ಲ.